ಶಿವನಪ್ಪನ ಎವರೇಜು

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಇಸ್ಪೀಟು, ಕೆಲವರಿಗೆ ರಾಜಕಾರಣ, ಇನ್ನು ಕೆಲವರಿಗೆ ಮಂದಿ ಮನೆಯ ಸುದ್ದಿ. ರೋಣದ ಶಿವನಪ್ಪನಿಗೆ ಇದ್ದದ್ದು ಎವರೇಜಿನ ಹುಚ್ಚು. ಎವರೇಜು ಅಂದರೆ ಮತ್ತೇನಲ್ಲ, ಒಂದು ಲೀಟರ್ ಡೀಸೆಲ್ಲಿಗೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಲೆಕ್ಕ. ನಾವು ನೀವೆಲ್ಲ ಗಾಡಿ ಕೊಳ್ಳುವಾಗ ಒಮ್ಮೆ ಕೇಳಿ ಮರೆತುಬಿಡುವ ಮಾತು. ಅವನಿಗೆ ಮಾತ್ರ ಅದು ಸ್ನಾನ, ವಿಭೂತಿ, ಊಟದಷ್ಟೇ ನಿತ್ಯದ್ದು. ಊರವರು ನಗುತ್ತಿದ್ದರು. ನಗಲಿ ಬಿಡಿ, ನಗುವವರಿಗೇನು ಖರ್ಚು?

ಮೂವತ್ತು ವರ್ಷ ಸರ್ಕಾರಿ ಬಸ್ಸು ಹೊಡೆದ ಮನುಷ್ಯ ಅವನು. ರೋಣದಿಂದ ಗಜೇಂದ್ರಗಡ, ರೋಣದಿಂದ ನರಗುಂದ, ಆ ದಾರಿಗಳ ಒಂದೊಂದು ಕುಣಿಯೂ ಅವನಿಗೆ ಗುರುತು. ಡಿಪೋದ ಗೋಡೆಗೆ ಒಂದು ಕರಿ ಹಲಗೆ ಇತ್ತು. ಯಾವ ಡ್ರೈವರನ ಕೈಯಲ್ಲಿ ಬಸ್ಸು ಲೀಟರಿಗೆ ಎಷ್ಟು ಕೊಟ್ಟಿತು ಎಂದು ಅದರ ಮೇಲೆ ಬರೆಯುತ್ತಿದ್ದರು. ಕಡಿಮೆ ಬಂದವನಿಗೆ ಬೈಗುಳ, ಹೆಚ್ಚು ಬಂದವನಿಗೆ ಶಾಬಾಸ್‌ಗಿರಿ. ನೌಕರಿಗೆ ಸೇರಿದ ಹೊಸದರಲ್ಲಿ ಫಕ್ರುಸಾಬ ಎಂಬ ಹಿರಿಯ ಡ್ರೈವರು ಅವನಿಗೆ ಹೇಳಿಕೊಟ್ಟಿದ್ದ: "ತಮ್ಮಾ, ಎಕ್ಸಲೇಟರಿನ ಕೆಳಗ ಹಪ್ಪಳ ಐತಿ ಅಂತ ತಿಳ್ಕೊ. ಹಪ್ಪಳ ಮುರೀಬಾರ್ದು, ಗಾಡಿ ನಿಂದರಬಾರ್ದು." ಶಿವನಪ್ಪ ಅದನ್ನು ಕಿವಿಯಲ್ಲಿ ಕೇಳಿ ಕಾಲಿನಲ್ಲಿ ಇಟ್ಟುಕೊಂಡ. ಹಲಗೆಯ ಮೇಲಿನ ಸಾಲಿನಿಂದ ಅವನ ಹೆಸರು ಕೆಳಗಿಳಿದದ್ದೇ ಕಡಿಮೆ. ಅವನ ಬಸ್ಸಿನಲ್ಲಿ ಬಾಣಂತಿಯರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಿಶ್ಚಿಂತೆಯಾಗಿ ತೂಕಡಿಸುತ್ತಿದ್ದರು.

ರಿಟೈರಾದ ಮೇಲೆ ಒಂದು ಹಳೆಯ ಡೀಸೆಲ್ ಕಾರು ಕೊಂಡ. ಕೊಂಡದ್ದು ಹೆಂಡತಿ ಫಕೀರವ್ವನ ಸಲುವಾಗಿ. ಆಕೆ ಪ್ರತಿ ಅಮಾವಾಸ್ಯೆಗೆ ಇಟಗಿಯ ಭೀಮಾಂಬಿಕೆಯ ದರ್ಶನಕ್ಕೆ ಹೋಗುವವಳು. ಅಮಾವಾಸ್ಯೆಯ ಬಸ್ಸಿನ ಗದ್ದಲದಲ್ಲಿ ಒಮ್ಮೆ ಜೋಲಿ ತಪ್ಪಿ ಬಿದ್ದಿದ್ದಳು. "ಊರ ಮಂದಿನೆಲ್ಲ ಹೊತ್ತು ತಿರಗಿದಿ. ಕಟಗೊಂಡಾಕಿನ್ನ ಯಾವಾಗ ಕುಂದ್ರಸ್ತೀ?" ಎಂದು ಮಗಳು ರಾಜೇಶ್ವರಿ ಕೆಣಕಿದಳು. ಮರುತಿಂಗಳೇ ಅಂಗಳದಲ್ಲಿ ಕಾರು ನಿಂತಿತು.

ಈ ರಾಜೇಶ್ವರಿಯೇ ಅಪ್ಪನ ಹುಚ್ಚಿಗೆ ಕಂಪ್ಯೂಟರಿನ ಚಟ ಹಚ್ಚಿದವಳು. ರೋಣದ ಒಂದು ಖಾಸಗಿ ಸಾಲೆಯಲ್ಲಿ ಟೀಚರು. ನರಗುಂದದಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಮುಚ್ಚಿಹೋದಾಗ ಅಗ್ಗಕ್ಕೆ ಸಿಕ್ಕಿತೆಂದು ಒಂದನ್ನು ತಂದು ಪಡಸಾಲೆಯ ಮೂಲೆಯಲ್ಲಿ ಇಟ್ಟಿದ್ದಳು. ಸಾಲೆಯ ಪ್ರಶ್ನೆಪತ್ರಿಕೆ ಅದರಲ್ಲೇ, ಅಪ್ಪನ ಎವರೇಜೂ ಅದರಲ್ಲೇ. ಟ್ಯಾಂಕನ್ನು ಬಾಯಿತನಕ ತುಂಬಿಸುವುದು, ಓಡಿಸುವುದು, ಮತ್ತೆ ಬಾಯಿತನಕ ತುಂಬಿಸುವುದು. ಎರಡನೆಯ ಸಲ ಎಷ್ಟು ಹಿಡಿಯಿತೋ ಅಷ್ಟು ಗಾಡಿ ಕುಡಿದ ಲೆಕ್ಕ. ಶಿವನಪ್ಪ ಪಂಪಿನಿಂದ ಬಂದವನೇ ಚಪ್ಪಲಿ ಬಿಡುವ ಮೊದಲೇ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ ಅಂಕಿಗಳನ್ನು ಓದುತ್ತಿದ್ದ, ಮಗಳು ಟಕಟಕ ಹೊಡೆಯುತ್ತಿದ್ದಳು, ಯಂತ್ರ ಭಾಗಿಸಿ ಉತ್ತರ ಕೊಡುತ್ತಿತ್ತು. ಅವನಿಗೆ ಆ ಭಾಗಾಕಾರ ಪಂಪಿನಲ್ಲೇ ಬಾಯಲ್ಲಿ ಬಂದುಬಿಟ್ಟಿರುತ್ತಿತ್ತು, ಅದು ಬೇರೆ ಮಾತು. ಆದರೂ ಯಂತ್ರ ಹೇಳಿದರೇ ಅವನಿಗೆ ಸಮಾಧಾನ. ಮನುಷ್ಯ ತನ್ನ ಮಗ್ಗುಲಿಗೆ ವಾಲಿ ಲೆಕ್ಕ ಮಾಡುತ್ತಾನೆ, ಯಂತ್ರಕ್ಕೆ ಮಗ್ಗುಲೆಲ್ಲಿದೆ ಎನ್ನುವುದು ಅವನ ವಾದ.

"ಇಪ್ಪತ್ನಾಲ್ಕರ ಮ್ಯಾಲೈತಿ ಅಪ್ಪಾ," ಎಂದು ಮಗಳು ಕೂಗಿದರೆ ಅಡುಗೆಮನೆಯಿಂದ ಫಕೀರವ್ವನ ಮಾತು ಬರುತ್ತಿತ್ತು. "ಹೌದ್ರಿ ಯಪ್ಪಾ, ಭಾಳ ದೊಡ್ಡ ಕೆಲಸ ಮಾಡೀರಿ. ಹಿಂದಿನಿಂದ ಎತ್ತಿನ ಬಂಡಿಯಾಂವ ದಾಟಿ ಹೋಗ್ತಾನ, ಕೈ ಮಾಡಿ ಹೋಗ್ತಾನ. ನನಗ ನಾಚಿಕಿ ಬರ್ತೈತಿ." ಶಿವನಪ್ಪ ನಗುತ್ತಿದ್ದ. ಆಕೆ ಬೈಯುವಾಗ ಆ ಮನೆ ಮನೆಯಾಗಿತ್ತು.

ಅಂಥ ಫಕೀರವ್ವ ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತ ಕೂತವಳು ಎದೆ ಹಿಡಿದುಕೊಂಡಳು. ಮೈಯೆಲ್ಲ ಬೆವರು. ರಾಜೇಶ್ವರಿ ಪರೀಕ್ಷೆಯ ಡ್ಯೂಟಿಗೆಂದು ಮೊದಲ ಬಸ್ಸಿಗೇ ಗಜೇಂದ್ರಗಡಕ್ಕೆ ಹೋಗಿದ್ದಳು. ಪಕ್ಕದ ಮನೆಯ ಹಸೀನಾ ಓಡಿಬಂದಳು. ಇಬ್ಬರೂ ಸೇರಿ ಊರಿನ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಇಸಿಜಿ ಪಟ್ಟಿ ತೆಗೆದು ನೋಡಿ, ಒಂದು ಗುಳಿಗೆ ನಾಲಿಗೆ ಕೆಳಗೆ ಇಟ್ಟು, "ಹಾರ್ಟಿಂದೈತಿ. ಹುಬ್ಬಳ್ಳಿಗೇ ಒಯ್ಯಬೇಕು. ಆಂಬುಲೆನ್ಸು ಬ್ಯಾರೆ ಕಡೆ ಹೋಗೈತಿ, ಅರ್ಧ ತಾಸಿನ್ಯಾಗ ಬರ್ತೈತಿ, ತಡೀತೀರೇನು?" ಎಂದರು.

ತಡೆಯಬಹುದಿತ್ತು. ಮುಂದೆ ಎಷ್ಟೋ ದಿನ ಶಿವನಪ್ಪನ ತಲೆಯಲ್ಲಿ ಈ ಮಾತು ಸುತ್ತುತ್ತಲೇ ಇತ್ತು. ಆದರೆ ಆ ಹೊತ್ತಿನಲ್ಲಿ ಹೆಂಡತಿ ಕಣ್ಣೆದುರು ಒದ್ದಾಡುತ್ತಿರುವಾಗ ಕೈಕಟ್ಟಿ ಕೂಡಲು ಯಾರಿಂದಾದೀತು? ಅದೂ ಹುಟ್ಟಾ ಡ್ರೈವರನಿಂದ? "ನಾ ಡ್ರೈವರ್ ಅದೇನ್ರಿ ಸಾಹೇಬ್ರ. ನಾನ ಒಯ್ತೀನಿ," ಎಂದ. ಹಿಂದಿನ ಸಂಜೆಯಷ್ಟೇ ಊರಿನ ಪಂಪಿನಲ್ಲಿ ಟ್ಯಾಂಕು ಬಾಯಿತನಕ ತುಂಬಿಸಿದ್ದ. ಹಿಂದಿನ ಸೀಟಿನಲ್ಲಿ ಹಸೀನಾಳ ತೊಡೆಯ ಮೇಲೆ ಫಕೀರವ್ವನನ್ನು ಮಲಗಿಸಿ ಹೊರಟ.

ನರಗುಂದದ ಸರ್ಕಲ್ಲಿನಲ್ಲಿ ಫಕೀರವ್ವನ ತಮ್ಮ ಹಾಲೇಶ ಕಾಯುತ್ತಿದ್ದ. ಚಿಕ್ಕನರಗುಂದದಲ್ಲಿ ಹೊಲ ಮಾಡಿಕೊಂಡಿದ್ದವನು. ತಾಯಿ ಸತ್ತ ಮೇಲೆ ಅಕ್ಕನ ಕೈತುತ್ತು ತಿಂದು ಬೆಳೆದವನು. ಫೋನು ಬಂದ ಕೂಡಲೇ ಬೈಕು ಹತ್ತಿ ಬಂದು ನಿಂತಿದ್ದ. ಕಾಯ್ದ, ಕಾಯ್ದ. ಮೂರು ಸಲ ಫೋನು ಮಾಡಿದ. ಪ್ರತಿ ಸಲವೂ ಹಸೀನಾ "ಬಂದಿವ್ರಿ, ಬಂದ ಬಿಟ್ಟಿವ್ರಿ" ಎಂದಳು. ಕಡೆಗೂ ಕಾರು ಬಂದಾಗ ಬೈಕನ್ನು ಅಲ್ಲೇ ಬಿಟ್ಟು ಹಾರಿ ಕೂತು, "ಹೊಡೀರಿ ಮಾವಾರ, ಲಗೂ ಹೊಡೀರಿ," ಎಂದ. "ಹೊಡ್ಯಾಕತ್ತೇನಪಾ," ಎಂದ ಶಿವನಪ್ಪ. ಅವನಿಗೆ ಹಾಗೇ ಅನ್ನಿಸಿತ್ತು. ಗಾಳಿ ಕಿವಿಯಲ್ಲಿ ಬಡಿಯುತ್ತಿತ್ತು, ಎದೆ ನಗಾರಿಯಾಗಿತ್ತು. ಇಷ್ಟು ಜೋರಾಗಿ ಜನ್ಮದಲ್ಲಿ ಗಾಡಿ ಹೊಡೆದಿಲ್ಲ ಎಂದೇ ಅವನು ತಿಳಿದಿದ್ದ. ಸ್ಪೀಡಿನ ಮುಳ್ಳು ನೋಡಲಿಲ್ಲ. ನೋಡಿದ್ದೆಲ್ಲ ಕನ್ನಡಿಯಲ್ಲಿ ಕಾಣುತ್ತಿದ್ದ ಫಕೀರವ್ವನ ಮುಖವನ್ನು.

ನವಲಗುಂದ ದಾಟಿದ ಮೇಲೆ ಎಲ್ಲೋ ಆಕೆ ನರಳುವುದನ್ನು ನಿಲ್ಲಿಸಿದಳು. ನೋವು ಇಳಿಯಿತು ಎಂದುಕೊಂಡ ಶಿವನಪ್ಪ. ಅಯ್ಯೋ, ಮನಸ್ಸು ಎಂಥ ಮೋಸ ಮಾಡುತ್ತದೆ ನೋಡಿ! ಹುಬ್ಬಳ್ಳಿಯ ದವಾಖಾನೆಯ ಬಾಗಿಲಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ತಲೆ ತಗ್ಗಿಸಿದರು. "ಜೀವ ಹೋಗಿ ಭಾಳ ಹೊತ್ತಾಗಿಲ್ಲ. ಸ್ವಲ್ಪ ಮೊದಲು ಬಂದಿದ್ರ ಪ್ರಯತ್ನ ಮಾಡಬಹುದಿತ್ತು," ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಆದರೆ ಕೆಲವು ಮಾತು ನುಂಗಿಬಿಡಬೇಕು. ಹಾಲೇಶ ಅದನ್ನು ಕೇಳಿಸಿಕೊಂಡ. ಮಾವನ ಮುಖವನ್ನು ಒಮ್ಮೆ ನೋಡಿದ ಅಷ್ಟೆ.

ಹೆಣವನ್ನು ಆಂಬುಲೆನ್ಸಿನಲ್ಲಿ ತಂದರು. ಶಿವನಪ್ಪ ಅದರಲ್ಲೇ ಹೆಂಡತಿಯ ಪಕ್ಕ ಕೂತು ಬಂದ, ಕಾರು ದವಾಖಾನೆಯ ಆವರಣದಲ್ಲೇ ಉಳಿಯಿತು. ಗಜೇಂದ್ರಗಡದಿಂದ ಬಂದ ರಾಜೇಶ್ವರಿ ಅವ್ವನ ಮೇಲೆ ಬಿದ್ದು ಅತ್ತಳು. ಆಮೇಲೆ ಅಪ್ಪನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು: "ಯಾಕ ಇಷ್ಟೊತ್ತಾತು ಅಪ್ಪಾ?" ಉತ್ತರಕ್ಕೆ ಕಾಯದೆ ಮತ್ತೆ ಅವ್ವನ ಕಡೆ ತಿರುಗಿದಳು.

ಮೂರನೆಯ ದಿನ ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟು ಎಲ್ಲರೂ ಮನೆಗೆ ಬಂದು ಕೂತಿದ್ದರು. ಯಾರೋ ಬೀಗರು ಸಹಜವಾಗಿ, "ಹುಬ್ಬಳ್ಳಿ ಏನ್ ಸನೇ ಐತೇನ್ರಿ," ಎಂದರು. ಅಷ್ಟೇ ಸಾಕಾಯಿತು. ಹಾಲೇಶ ಎದ್ದು ನಿಂತ. ಒಳಗೊಳಗೇ ಕುದಿಯುತ್ತಿದ್ದದ್ದು ಉಕ್ಕಿ ಹೊರಗೆ ಬಂತು.

"ದೂರಾನೂ ಅಲ್ಲ, ಸನೇನೂ ಅಲ್ಲ. ಹೊಡೀಬೇಕು ಅಂದ್ರ ಹೊಡಿಯಾಕ ಬರೂವಷ್ಟು ಐತಿ. ನಾ ನರಗುಂದದಾಗ ನಿಂತಿದ್ದೆ. ನನ್ನ ಮುಂದ ರೋಣದ ಬಸ್ಸು ಬಂತು. ಊರೂರಿಗೆ ನಿಂತು ಮಂದಿನ್ನ ಹತ್ತಿಸ್ಕೊಂಡು ಬರೂ ಬಸ್ಸು! ಈ ಮನಷಾನ ಕಾರು ಅದರ ಹಿಂದ ಬಂತು." ಈಗ ಅವನು ನೇರವಾಗಿ ಶಿವನಪ್ಪನ ಕಡೆ ತಿರುಗಿದ. ಮಾವಾರ ಎನ್ನುವ ಮಾತು ಬಾಯಿಂದ ಹೋಗಿತ್ತು. "ನಮ್ಮಕ್ಕ ಸಾಯಾಕತ್ತಾಳ, ನೀ ಡೀಸೆಲ್ ಉಳಸಾಕತ್ತಿದ್ದೇನು? ಎವರೇಜ್ ಎಷ್ಟು ಬಂತು ಹೇಳು. ಹೇಳು ಎಲ್ಲಾರ ಮುಂದ!"

ಕೂತವರೆಲ್ಲ ನೆಲ ನೋಡಿದರು. ರಾಜೇಶ್ವರಿ ಬಾಗಿಲಿಗೆ ಒರಗಿ ನಿಂತಿದ್ದಳು. ಮಾಮಾ ಸುಮ್ಮನಿರು ಎಂದು ಆಕೆ ಅನ್ನಬಹುದಿತ್ತು, ಅನ್ನಲಿಲ್ಲ. ಹಾಲೇಶನ ಮಾತಿಗಿಂತ ಮಗಳ ಆ ಮೌನ ಶಿವನಪ್ಪನ ಎದೆಗೆ ಚುಚ್ಚಿತು. ಅವನಿಗೆ ಬೇರೆ ಭಾಷೆ ಗೊತ್ತಿರಲಿಲ್ಲ. ಆಣೆ ಮಾಡುವುದು, ಎದೆ ಬಡಿದುಕೊಳ್ಳುವುದು ಅವನಿಂದ ಆಗದ ಕೆಲಸ. ಡ್ರೈವರನಿಗೆ ತಿಳಿದ ಸಾಕ್ಷಿ ಒಂದೇ.

"ಹಾಲೇಶಾ," ಎಂದ. "ಹಿಂದಿನ ದಿನ ಸಂಜೀಕ ಟ್ಯಾಂಕ್ ಬಾಯಿಮಟ ತುಂಬಸೇನಿ. ಗಾಡಿ ಹುಬ್ಬಳ್ಳ್ಯಾಗ ನಿಂತೈತಿ, ಯಾರೂ ಮುಟ್ಟಿಲ್ಲ. ಅಲ್ಲೇ ಮತ್ತ ಬಾಯಿಮಟ ತುಂಬಸ್ತೀನಿ. ಎಷ್ಟು ಹಿಡೀತು ಅಂತ ಬಂದು ರಾಜಿಗೆ ಹೇಳ್ತೀನಿ. ಜೋರ್ ಹೊಡದ ಗಾಡಿ ಎಣ್ಣಿ ಕುಡೀತೈತಿ, ಸಾವಕಾಶ ಹೊಡದದ್ದು ಕುಡ್ಯಾಂಗಿಲ್ಲ. ಕಂಪ್ಯೂಟರ ಹೇಳ್ಲಿ. ಅದರ ಮ್ಯಾಲರ ನಂಬಿಕಿ ಐತಿಲ್ಲೋ?"

ಸಾವಿನ ಮನೆಯಲ್ಲಿ ಆಡುವ ಮಾತೇ ಇದು? ಬೀಗರು ಮುಖ ಮುಖ ನೋಡಿಕೊಂಡರು. ಹಾಲೇಶ ಮಾತ್ರ ಮೂಗು ಒರೆಸಿಕೊಂಡು, "ಆತು. ನಾ ಇಲ್ಲೇ ಕುಂತಿರ್ತೀನಿ," ಎಂದ.

ಮರುದಿನ ಶಿವನಪ್ಪ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದ. ಕಾರಿನ ಮೇಲೆ ಬೇವಿನ ಎಲೆ ಉದುರಿದ್ದವು. ಹಿಂದಿನ ಸೀಟಿನಲ್ಲಿ ಫಕೀರವ್ವನ ಒಂದು ಚಪ್ಪಲಿ ಬಿದ್ದಿತ್ತು. ಅದನ್ನು ಎತ್ತಿ ಟವೆಲ್ಲಿನಲ್ಲಿ ಸುತ್ತಿ ಮುಂದಿನ ಸೀಟಿನಲ್ಲಿ ಇಟ್ಟುಕೊಂಡ. ದವಾಖಾನೆಯ ಎದುರಿಗೇ ಪಂಪು. ಮೀಟರಿನ ಅಂಕಿ ಅಂಗೈ ಮೇಲೆ ಬರೆದುಕೊಂಡು, "ಫುಲ್ ಮಾಡಪಾ, ಬಾಯಿಮಟ," ಎಂದ.

ಪಂಪಿನವನು ನಳಿಗೆ ಹಾಕಿದ. ಅಂಕಿಗಳು ತಿರುಗತೊಡಗಿದವು. ಜನ್ಮವಿಡೀ ಆ ಅಂಕಿ ಲಗೂ ನಿಲ್ಲಲಿ ಎಂದು ಬೇಡಿಕೊಂಡ ಮನುಷ್ಯ ಅವತ್ತು ಮೊದಲ ಸಲ, ನಿಲ್ಲಬೇಡ ತಾಯೀ, ಓಡು, ಇನ್ನೂ ಓಡು ಎಂದು ಬೇಡಿಕೊಂಡ. ಅಷ್ಟು ದೂರ ತುಳಿದು ಹೊಡೆದಿದ್ದರೆ ಐದೂವರೆ ಲೀಟರಾದರೂ ಹೋಗಬೇಕು, ಆರಾದರೂ ಸರಿ. ಎರಡು ದಾಟಿತು, ಮೂರು ದಾಟಿತು. ನಾಲ್ಕಕ್ಕೆ ಇನ್ನೂ ಕೊಂಚ ಇರುವಾಗಲೇ ನಳಿಗೆ ಖಟ್ಟೆಂದು ನಿಂತಿತು.

"ಇನ್ನ ಹಿಡೀತೈತಿ, ಹಾಕು," ಎಂದ ಶಿವನಪ್ಪ.

"ತುಂಬೈತ್ರಿ ಅಜ್ಜಾರ."

"ಹಾಕಂದ್ರ ಹಾಕೋ ಮಾರಾಯಾ! ಗಾಳಿ ನಿಂತಿರ್ತೈತಿ ಒಳಗ." ಅವನು ಕಾರಿನ ಮಗ್ಗುಲಿಗೆ ಎರಡೂ ಕೈ ಕೊಟ್ಟು ಅಲ್ಲಾಡಿಸಿದ. ಪಂಪಿನವನು ಇನ್ನೊಂದು ಹನಿ ಬಿಟ್ಟ. ಡೀಸೆಲ್ಲು ಟ್ಯಾಂಕಿನ ಬಾಯಿಂದ ಉಕ್ಕಿ ಗಾಲಿಯ ಮೇಲೆ ಹರಿದು ನೆಲಕ್ಕೆ ಬಿತ್ತು. ಶಿವನಪ್ಪ ಅದನ್ನೇ ನೋಡುತ್ತ ನಿಂತ. ಭಾಗಾಕಾರ ಮಾಡಬೇಡ ಎಂದು ತಲೆಗೆ ಎಷ್ಟು ಹೇಳಿದರೂ ತಲೆ ಕೇಳಲಿಲ್ಲ. ಲೀಟರಿಗೆ ಇಪ್ಪತ್ನಾಲ್ಕರ ಮೇಲೆ. ಇಟಗಿಗೆ ಹೋಗಿಬಂದಾಗ ಬರುತ್ತಿದ್ದದ್ದೂ ಅಷ್ಟೇ, ಸಂತೆಗೆ ಹೋದಾಗ ಬರುತ್ತಿದ್ದದ್ದೂ ಅಷ್ಟೇ. ಹೆಂಡತಿ ಸಾಯುವ ಹೊತ್ತಿಗೂ ಅಷ್ಟೇ.

ಮರಳಿ ಬರುವ ದಾರಿಯಲ್ಲಿ ನವಲಗುಂದದ ಮುಂದೆ ಎರಡೂ ಕಡೆ ಬಯಲು ಎರೆಹೊಲ, ಬಾಣ ಬಿಟ್ಟಂಥ ನೇರ ರಸ್ತೆ, ಎದುರಿಗೆ ಒಂದು ಗಾಡಿಯಿಲ್ಲ. ಒಮ್ಮೆ ನೋಡೇ ಬಿಡೋಣ ಎಂದು ಶಿವನಪ್ಪ ಹಲ್ಲು ಕಚ್ಚಿ ಎಕ್ಸಲೇಟರು ತುಳಿದ. ಮುಳ್ಳಿನ ಮೇಲೆ ಕಣ್ಣಿಟ್ಟುಕೊಂಡೇ ತುಳಿದ. ಎಂಜಿನ್ನು ಒಮ್ಮೆ ಗುರ್ ಎಂದಿತು. ಮುಳ್ಳು ಏರಿತು. ಒಂದು ಫರ್ಲಾಂಗು ದೂರ ಹೋಗಿರಲಿಕ್ಕಿಲ್ಲ, ಮುಳ್ಳು ತನ್ನಷ್ಟಕ್ಕೆ ತಾನೇ ಇಳಿಯುತ್ತಿತ್ತು. ಕಾಲು ಮೇಲೆ ಬಂದಿತ್ತು. ಬಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಮತ್ತೆ ತುಳಿದ, ಮತ್ತೆ ಬಂತು. ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಅತ್ತ. ಹೆಂಡತಿ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು.

ಮನೆ ಮುಟ್ಟಿದಾಗ ಹಾಲೇಶ ಕಟ್ಟೆಯ ಮೇಲೆ ಕೂತಿದ್ದ. ಶಿವನಪ್ಪ ಒಳಗೆ ಹೋದ. ರಾಜೇಶ್ವರಿ ಕಂಪ್ಯೂಟರಿನ ಮುಂದೆ ಮೊದಲೇ ಕೂತಿದ್ದಳು. ಬೇರೆ ಅಂಕಿ ಹೇಳಿದ್ದರೆ ಯಾರಿಗೆ ತಿಳಿಯುತ್ತಿತ್ತು? ಪಂಪಿನ ಚೀಟಿಯನ್ನು ಯಾರೂ ಕೇಳಿರಲಿಲ್ಲ. ಆದರೆ ಅಂಗೈ ತೆರೆದು ಓದುವಾಗ ಸುಳ್ಳು ಓದುವುದು ಅವನಿಗೆ ಬರಲಿಲ್ಲ. ಮೀಟರು ಇಷ್ಟು, ಲೀಟರು ಇಷ್ಟು ಎಂದ. ಮಗಳು ಹೊಡೆದಳು. ಪರದೆಯನ್ನು ನೋಡಿದಳು. ಹಾಗೇ ನೋಡುತ್ತ ಕೂತಳು.

ನಾಲ್ಕು ದಿನದಿಂದ ಅಪ್ಪನ ಮುಖ ನೋಡದಿದ್ದ ಮಗಳು ಆಗ ತಿರುಗಿ ನೋಡಿದಳು. ಅವಳಿಗೆ ಕಂಡದ್ದು ಡೀಸೆಲ್ ಉಳಿಸಿದ ಮನುಷ್ಯನಲ್ಲ. ಕಣ್ಣು ಊದಿದ, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡ, ಇಳಿವಯಸ್ಸಿನ ಅಪ್ಪ. ಅವಳ ಕರುಳು ಚುರ್ ಎಂದಿತು. ಹೊರಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಹದಿನಾರು ಬಂದೈತಿ ಮಾಮಾ! ಬರೇ ಹದಿನಾರು. ಅಪ್ಪ ಯಾವತ್ತೂ ಹಿಂಗ ಹೊಡದಿಲ್ಲ."

ಹಾಲೇಶ ಕಟ್ಟೆಯಿಂದ ಎದ್ದು ಒಳಗೆ ಬಂದ. ಆರಡಿ ಆಳು, ಸಣ್ಣ ಹುಡುಗನ ಹಾಗೆ ಬಿಕ್ಕುತ್ತ ಬಂದು ಶಿವನಪ್ಪನ ಕಾಲಿಗೆ ಬಿದ್ದ. "ತಪ್ಪಾತ್ರಿ ಮಾವಾರ. ಭಾಳ ತಪ್ಪಾತು. ಎಲ್ಲಾರ ಮುಂದ ಬಾಯಿಗೆ ಬಂದಂಗ ಅಂದೆ. ನೀವು ಹೊಡದಿದ್ರಿ. ನಮ್ಮಕ್ಕನ ಆಯುಷ್ಯ ಅಷ್ಟ ಇತ್ತು. ನನಗ ಕ್ಷಮಾ ಮಾಡ್ರಿ." ಅಕ್ಕ ಸತ್ತಂದಿನಿಂದ ಎದೆಯಲ್ಲಿ ಹೊತ್ತಿದ್ದ ಭಾರವನ್ನೆಲ್ಲ ಅವನು ಅಲ್ಲೇ ಇಳಿಸಿ ಅತ್ತ.

ರಾಜೇಶ್ವರಿ ಅಪ್ಪನಿಗೆ ಕಣ್ಣಿನಲ್ಲೇ ಹೇಳಿದಳು, ಸುಮ್ಮನಿರು ಅಪ್ಪಾ, ಇಷ್ಟಕ್ಕೇ ಬಿಡು ಎಂದು. ಬಿಡಬಹುದಿತ್ತು. ಸಂಬಂಧ ಉಳಿಯುತ್ತಿತ್ತು, ಬರುವುದು ಹೋಗುವುದು ಉಳಿಯುತ್ತಿತ್ತು, ರಾಜೇಶ್ವರಿಗೆ ಅವ್ವನ ಕಡೆಯ ಒಬ್ಬ ಮಾಮ ಉಳಿಯುತ್ತಿದ್ದ. ಶಿವನಪ್ಪನಿಗೂ ಅದು ಬೇಕಿತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಕಾಲಬುಡದಲ್ಲಿ ಅಳುತ್ತಿದ್ದವನು ಫಕೀರವ್ವ ಸಾಕಿದ ತಮ್ಮ. ಆ ಕಣ್ಣೀರನ್ನು ಕದ್ದ ಮಾಲಿನ ಹಾಗೆ ಇಟ್ಟುಕೊಳ್ಳುವುದು ಅವನಿಂದ ಆಗಲಿಲ್ಲ. ಮೊಣಕಾಲೂರಿ ಅವನೂ ನೆಲಕ್ಕೆ ಕೂತ. ಹಾಲೇಶನ ಎರಡೂ ಕೈ ಹಿಡಿದುಕೊಂಡ.

"ರಾಜಿ ಸುಳ್ಳು ಹೇಳ್ಯಾಳ ಹಾಲೇಶಾ. ನನ್ನ ಮಾರಿ ನೋಡಲಾರದ ಹೇಳ್ಯಾಳ. ಇಪ್ಪತ್ನಾಲ್ಕರ ಮ್ಯಾಲೆ ಬಂದೈತಿ. ನಾ ಹೊಡ್ಯಾಕತ್ತೇನಿ ಅಂತ ತಿಳದಿದ್ದೆ, ದೇವ್ರಾಣಿ ತಿಳದಿದ್ದೆ. ಹೊಡದಿಲ್ಲ. ಮನಸು ಓಡಿ ಹುಬ್ಬಳ್ಳಿ ಮುಟ್ಟಿತ್ತು, ಕಾಲು ಒತ್ತಿಲ್ಲ. ನೀ ಅಂದದ್ದ ಖರೇ ಐತಿ. ನಿಮ್ಮಕ್ಕನ್ನ ನಾ ಮುಟ್ಟಸಲಿಲ್ಲ."

ಹಾಲೇಶನ ಅಳು ನಿಂತುಹೋಯಿತು. ಅವನು ಸಿಟ್ಟಾಗುತ್ತಾನೆಂದು, ಕೈ ಮಾಡುತ್ತಾನೆಂದು ರಾಜೇಶ್ವರಿ ಹೆದರಿ ಎದ್ದು ನಿಂತಳು. ಅವನು ಏನನ್ನೂ ಮಾಡಲಿಲ್ಲ. ಮಾವನ ಕೈಯಿಂದ ತನ್ನ ಕೈಗಳನ್ನು ಬಿಡಿಸಿಕೊಂಡು, ಕಣ್ಣು ಒರೆಸಿಕೊಂಡು, ಗೋಡೆ ಹಿಡಿದು ಎದ್ದ. ಬಾಗಿಲತನಕ ಹೋದವನು ಹೊಸ್ತಿಲಲ್ಲಿ ನಿಂತ.

"ಯಾಕ ಹೇಳಿದ್ರಿ ಮಾವಾರ?" ಎಂದ. "ನಾ ನಂಬಿದ್ದೆನಲ್ರಿ."